ಕಂಬಳಿಹುಳಕ್ಕೆ ಚಳಿ

ನನ್ನ ಮೈದುನನಿಗೆ ಹೆಣ್ಣು ಕೊಡಲು ಬಂದವರು ಅರ್ಧ ಕುಡಿದ ಕಾಫಿ ಲೋಟ ಕೆಳಗಿಟ್ಟು ಎದ್ದುಹೋದದ್ದಕ್ಕೆ ಕಾರಣ ಒಂದು ಮಿಡತೆ ಎಂದರೆ ನಂಬುತ್ತೀರಾ? ನಂಬಲೇಬೇಕು. ಆ ಕಾಫಿ ಮಾಡಿದವಳು ನಾನೇ, ಆದ್ದರಿಂದ ತಪ್ಪು ಕಾಫಿಯದಲ್ಲ ಎಂದು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ!

ಬಂದವರು ಜಗಲಿಯಲ್ಲಿ ಕೂತಿದ್ದರು. ಗಂಡು ಹಿತ್ತಲಿನಲ್ಲಿತ್ತು. ಪಂಚೆ ಎತ್ತಿ ಕಟ್ಟಿ, ಮಂಡಿಗಳನ್ನು ಕಿವಿಯ ಮಟ್ಟಕ್ಕೆ ಮಡಚಿ ಕೂತು, ಒಂದೇ ನೆಗೆತಕ್ಕೆ ಬಾವಿಕಟ್ಟೆಯಿಂದ ನುಗ್ಗೆಮರದ ತನಕ ಹಾರುತ್ತಿತ್ತು. ಪ್ರತಿ ಸಲ ಹಾರಿದ ಮೇಲೂ "ಮೊದಲು ಹಿಂಗಾಲು, ಆಮೇಲೆ ಹೊಟ್ಟೆ" ಎಂದು ತನಗೆ ತಾನೇ ಹೇಳಿಕೊಂಡು, ಕಾಗದದ ಮೇಲೆ ಏನೋ ಗೀಚಿ, ಮತ್ತೆ ಮಂಡಿ ಮಡಚುತ್ತಿತ್ತು. ಕೈ ತೊಳೆಯಲು ಹಿತ್ತಲಿಗೆ ಹೋದ ಹೆಣ್ಣಿನ ತಂದೆ ಕೈ ತೊಳೆಯದೆಯೇ ಹಿಂದಿರುಗಿದರು.

"ಹುಡುಗನಿಗೆ ಏನಾದ್ರೂ... ತೊಂದರೆ ಇದೆಯಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ, ಸಿನಿಮಾ ಮಾಡ್ತಿದಾನೆ," ಎಂದರು ನಮ್ಮ ಅತ್ತೆ.

ತೊಂದರೆ ಇದೆ ಎಂದಿದ್ದರೇ ಅವರು ಇನ್ನೊಂದು ಗಳಿಗೆ ಕೂರುತ್ತಿದ್ದರೇನೋ.

ನಾನು ಶಿಡ್ಲಘಟ್ಟದಿಂದ ಹೆಬ್ಬಾಳದ ಆ ಮನೆಗೆ ಸೊಸೆಯಾಗಿ ಬಂದಾಗ ನನಗೆ ಹದಿನೆಂಟು ತುಂಬಿತ್ತು. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನ್ನ ಯಜಮಾನರು ಯಶವಂತಪುರದ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಬೆಳಿಗ್ಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಬಂದ ಮೇಲೂ ಮಾತು ಕಡಿಮೆ, ಅದರಲ್ಲೂ ಅವರ ತಾಯಿಯ ಎದುರು ಇನ್ನೂ ಕಡಿಮೆ. ಇನ್ನು ಈ ಮೈದುನ, ನನಗಿಂತ ಐದಾರು ವರ್ಷ ದೊಡ್ಡವನು, ಹೆಬ್ಬಾಳದಲ್ಲೇ ಒಂದು ಕೃಷಿ ಕಚೇರಿಯಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದ. ಬೆಳೆ ತಿನ್ನುವ ಹುಳುಗಳ ಚಿತ್ರವನ್ನು ದೊಡ್ಡ ದೊಡ್ಡ ಹಾಳೆಯ ಮೇಲೆ ಬರೆದುಕೊಟ್ಟರೆ ಅದನ್ನು ಹಳ್ಳಿಗಳಲ್ಲಿ ಅಂಟಿಸುತ್ತಿದ್ದರು. ಇವನು ಬರೆದ ಹುಳುಗಳು ಎಷ್ಟು ಮುದ್ದಾಗಿರುತ್ತಿದ್ದವೆಂದರೆ, ಅವನ್ನು ನೋಡಿದ ರೈತರಿಗೆ ಕೊಲ್ಲಲು ಮನಸ್ಸೇ ಬರುತ್ತಿರಲಿಲ್ಲವಂತೆ!

ಆ ಕಚೇರಿಗೆ ಒಂದು ವ್ಯಾನು, ಒಂದು ಪ್ರೊಜೆಕ್ಟರು, ಒಂದು ಸಣ್ಣ ಸಿನಿಮಾ ಕ್ಯಾಮೆರಾ ಬಂದವು. ಕಂಬಳಿಹುಳದಿಂದ ಬೆಳೆ ಕಾಪಾಡುವ ಬಗ್ಗೆ, ಬರೆದ ಚಿತ್ರಗಳೇ ಓಡಾಡುವಂಥ ನಾಲ್ಕು ನಿಮಿಷದ ಬೊಂಬೆಚಿತ್ರವೊಂದನ್ನು ಮಾಡಿ ಎಂದು ಸಾಹೇಬರು ಇವನಿಗೆ ಹೇಳಿದರು. ಹುಳ ಬರುತ್ತದೆ, ಬೆಳೆ ತಿನ್ನುತ್ತದೆ, ರೈತ ಔಷಧಿ ಹೊಡೆಯುತ್ತಾನೆ, ಹುಳ ಸಾಯುತ್ತದೆ. ಇದು ಸಾಹೇಬರ ಕತೆ. ಸರಳ, ಸ್ಪಷ್ಟ, ಸರ್ಕಾರಿ.

ಮೈದುನ ಅಂದು ಮನೆಗೆ ಬಂದವನೇ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ:

"ಅತ್ತಿಗೆ, ಹುಳ ಕಂಬಳಿ ಹೊದ್ಕೊಂಡಿದೆ ಅಂದ್ರೆ ಅದಕ್ಕೆ ಚಳಿ ಆಗ್ತಿದೆ ಅಂತ ತಾನೇ ಅರ್ಥ?"

ನಾನು ಆ ಮನೆಗೆ ಬಂದು ಎರಡು ತಿಂಗಳಾಗಿತ್ತು. ಉಪ್ಪು ಎಲ್ಲಿದೆ, ನೀರು ಕಾದಿದೆಯಾ ಎನ್ನುವುದನ್ನು ಬಿಟ್ಟು ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. "ಇರಬಹುದು" ಎಂದೆ. ಅಷ್ಟೇ! ಮೈದುನ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಕತೆ ಶುರುವಾಯಿತು.

ಏಳು ಬೆಟ್ಟದಾಚೆ ಒಬ್ಬ ರಾಕ್ಷಸ ಸೂರ್ಯನನ್ನು ಗವಿಯಲ್ಲಿ ಕೂಡಿಹಾಕಿದ್ದಾನೆ. ಹಾಗಾಗಿ ಹುಳುಗಳಿಗೆಲ್ಲ ಚಳಿ. ಚಳಿಗೆ ಹಸಿವು ಹೆಚ್ಚು, ಅದಕ್ಕೇ ಬೆಳೆ ತಿನ್ನುತ್ತವೆ. ರಾಗಿ ಹೊಲದ ಪುಟ್ಟ ಹುಡುಗಿಯೊಬ್ಬಳು ಮಿಡತೆಯ ಬೆನ್ನೇರಿ ಸೂರ್ಯನನ್ನು ಬಿಡಿಸಲು ಹೊರಡುತ್ತಾಳೆ.

"ದಾರೀಲಿ ಕೆರೆ ಬಂತು ಅತ್ತಿಗೆ. ಮಿಡತೆಗೆ ನೀರಂದ್ರೆ ಭಯ. ದೋಣಿ ಇಲ್ಲ. ನೀವಾಗಿದ್ರೆ ಏನ್ ಮಾಡ್ತಿದ್ರಿ?"

"ಅಳ್ತಿದ್ದೆ."

ಅವನು ಗಂಭೀರವಾಗಿ ಬರೆದುಕೊಂಡ. "ಅಳೋದಕ್ಕೆ ಹನ್ನೆರಡು ಚಿತ್ರ ಸಾಕು, ಒಂದು ಸೆಕೆಂಡು. ಆಮೇಲೆ?"

ನಾನು ಆವತ್ತು ಮದುವೆಯಾದ ಮೇಲೆ ಮೊದಲ ಸಲ ಜೋರಾಗಿ ನಕ್ಕೆ.

ಒಂದು ಸೆಕೆಂಡಿಗೆ ಹನ್ನೆರಡು ಚಿತ್ರವೆಂದರೆ ನಾಲ್ಕು ನಿಮಿಷಕ್ಕೆ ಎಷ್ಟಾಗುತ್ತದೆ ಎಂದು ನೀವೇ ಲೆಕ್ಕ ಹಾಕಿಕೊಳ್ಳಿ. ಚಿತ್ರದ ಮೇಲೆ ಚಿತ್ರವಿಟ್ಟು ಬರೆಯಲು ಅವನಿಗೆ ಗಾಜು ಬೇಕಾಯಿತು. ಅತ್ತೆಯ ಗಾಜಿನ ಅಲಮಾರದ ಬಾಗಿಲು ಒಂದು ಭಾನುವಾರ ಮಾಯವಾಯಿತು. ಅಲಮಾರದೊಳಗೆ ಬೆಕ್ಕು ಮೂರು ಮರಿ ಹಾಕುವ ತನಕ ಅದು ಅತ್ತೆಯ ಗಮನಕ್ಕೆ ಬರಲಿಲ್ಲ!

ಅವನ ಕತೆಗಿದ್ದ ದೊಡ್ಡ ರೋಗವೆಂದರೆ ಅವನ ಕರುಣೆ. ಹುಡುಗಿಗೆ ಒಂದು ಮುಳ್ಳೂ ಚುಚ್ಚಬಾರದು. ಹುಲಿ ಬಂದರೆ ಅದಕ್ಕೆ ಹಲ್ಲುನೋವು. ಹಾವು ಬಂದರೆ ಅದು ದಾರಿ ತೋರಿಸಲು ಬಂದದ್ದು. ಕೆರೆ ದಾಟಿಸಲು ಆಮೆ ಸಿಕ್ಕಿತು. ಕೊನೆಗೆ ಗವಿಗೆ ಹೋಗಿ ನೋಡಿದರೆ ರಾಕ್ಷಸನಿಗೆ ನಿದ್ದೆ, ಬೀಗದ ಕೈ ಹೊರಗೆ ಮೊಳೆಗೆ ನೇತುಹಾಕಿದೆ!

"ಇಷ್ಟಕ್ಕೆ ಹುಡುಗಿ ಯಾಕೆ ಹೋಗ್ಬೇಕಿತ್ತು? ನಮ್ಮನೆ ಬೆಕ್ಕು ಹೋಗಿದ್ರೂ ಆಗ್ತಿತ್ತು," ಎಂದೆ.

"ಪಾಪ ಅತ್ತಿಗೆ, ಚಿಕ್ಕ ಹುಡುಗಿ. ಮನೆ ಬಿಟ್ಟು ಅಷ್ಟು ದೂರ ಬಂದಿದಾಳೆ. ಅದೇ ಸಾಕಷ್ಟು ಕಷ್ಟ ಅಲ್ವಾ?"

ನಾನು ಒಲೆಯ ಕಡೆ ತಿರುಗಿಕೊಂಡೆ.

ನನ್ನ ತವರಿಗೂ ಈ ಮನೆಗೂ ಮಾತುಕತೆ ನಿಂತುಹೋಗಿತ್ತು. ಕಾರಣ ಹೇಳಿದರೆ ನಗುತ್ತೀರಿ. ಮದುವೆಯ ಮನೆಯಲ್ಲಿ ನಮ್ಮ ಅತ್ತೆಯ ತಮ್ಮನನ್ನು ನಮ್ಮ ಕಡೆಯವರು ಮೊದಲ ಪಂಕ್ತಿಗೆ ಕರೆಯಲು ಮರೆತರು. ಅವರು ಎರಡನೇ ಪಂಕ್ತಿಯಲ್ಲಿ ಹೊಟ್ಟೆ ತುಂಬ ಉಂಡು, ಎರಡು ಸಲ ಪಾಯಸ ಹಾಕಿಸಿಕೊಂಡು, ಆಮೇಲೆ ಅವಮಾನವಾಯಿತು ಎಂದರು. ಅಲ್ಲಿಂದಾಚೆಗೆ ಹೋಗುವುದೂ ಇಲ್ಲ, ಬರುವುದೂ ಇಲ್ಲ. ದೀಪಾವಳಿ ಕಳೆಯಿತು, ಯುಗಾದಿ ಕಳೆಯಿತು. ಶಿಡ್ಲಘಟ್ಟದ ಬಸ್ಸು ಮಾತ್ರ ದಿನಾ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಬಳ್ಳಾರಿ ರಸ್ತೆಯಲ್ಲೇ ಹೋಗುತ್ತಿತ್ತು. ಅದು ಹೋಗುವ ಹೊತ್ತಿಗೆ ಸರಿಯಾಗಿ ರಂಗೋಲಿ ಹಾಕುವುದು ನನ್ನ ಅಭ್ಯಾಸವಾಯಿತು. ಯಾರೂ ಗಮನಿಸುವುದಿಲ್ಲ ಎಂದುಕೊಂಡಿದ್ದೆ.

ಇತ್ತ ಸಾಹೇಬರು ಚಿತ್ರಗಳ ಕಂತೆ ನೋಡಿ ಹೌಹಾರಿದರು. "ಏನ್ರೀ ಇದು? ಔಷಧಿ ಎಲ್ರೀ?"

ಮೈದುನ ಎರಡು ದಿನ ಊಟ ಬಿಟ್ಟ. ಮೂರನೇ ದಿನ ಅತ್ತೆ ಊಟವಾದ ಮೇಲೆ ನಶ್ಯ ಸೇದಿ ಸೀನಿದರು. ನಮ್ಮ ಅತ್ತೆಯ ಸೀನು ಸಾಮಾನ್ಯದ್ದಲ್ಲ. ಮೊದಲು ಮೂಗು ಅರಳಿ, ಹುಬ್ಬು ನೆತ್ತಿಗೇರಿ, ಕಣ್ಣು ಮುಚ್ಚಿ, ಇಡೀ ಮನೆ ಉಸಿರು ಹಿಡಿದು ಕಾದ ಮೇಲೆ ಬರುವಂಥದ್ದು. ಮೈದುನ ಕುಣಿದಾಡಿಬಿಟ್ಟ. ಹುಡುಗಿ ಔಷಧಿಯ ಪುಡಿಯನ್ನು ರಾಕ್ಷಸನ ಮೂಗಿಗೆ ಎರಚುತ್ತಾಳೆ, ರಾಕ್ಷಸ ಸೀನುತ್ತಾನೆ, ಆ ರಭಸಕ್ಕೆ ಗವಿಯ ಬಾಗಿಲು ಹಾರಿಹೋಗುತ್ತದೆ! ಸೂರ್ಯ ಹೊರಬರುತ್ತಾನೆ, ಹುಳುಗಳು ಕಂಬಳಿ ಕಳಚಿ, ರೆಕ್ಕೆ ಬಂದು ಹಾರಿಹೋಗುತ್ತವೆ. ಸಾಹೇಬರಿಗೆ ಔಷಧಿ ಸಿಕ್ಕಿತು, ನನಗೆ ಕತೆಯಲ್ಲಿ ಒಂದಿಷ್ಟು ಅಪಾಯ ಸಿಕ್ಕಿತು, ಯಾರೂ ಸಾಯಲಿಲ್ಲ. ಎಂಟು ದಿನ ಅತ್ತೆಯ ಹಿಂದೆ ಬಿದ್ದು, "ಅಮ್ಮಾ, ಇನ್ನೊಂದೇ ಚಿಟಿಕೆ" ಎಂದು ಸೀನಿಸಿ ಸೀನಿಸಿ ಚಿತ್ರ ಬರೆದ. ಮಗನಿಗೆ ತನ್ನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬಂತೆಂದು ಅತ್ತೆ ಬೀಗಿದ್ದೇ ಬೀಗಿದ್ದು.

ಉಳಿದದ್ದು ಕೊನೆ. ಜಗಳ ಆಗಿದ್ದು ಅಲ್ಲೇ.

"ಸೂರ್ಯ ಬಂದ, ಬೆಳೆ ಉಳೀತು, ಮುಗೀತು. ಹುಡುಗಿ ಎಲ್ಲಿದ್ರೆ ನಮಗೇನ್ರೀ?" ಎಂದರಂತೆ ಸಾಹೇಬರು. ಮೈದುನ ಬಂದು ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು.

"ಏಳು ಬೆಟ್ಟದಾಚೆ ಅವಳನ್ನ ಒಬ್ಬಳೇ ನಿಲ್ಲಿಸಿ ಬಂದುಬಿಡ್ತೀರಾ? ಮನೆಗೆ ಹೋಗದಿದ್ರೆ ಅದು ಕತೆನಾ?"

"ಹೋದ ದಾರೀಲೇ ವಾಪಸ್ ಬರೋದನ್ನ ಮತ್ತೆ ತೋರ್ಸಿದ್ರೆ ಜನ ಎದ್ದುಹೋಗ್ತಾರೆ ಅತ್ತಿಗೆ. ಅವಳು ಅಲ್ಲೇ ಇರ್ಬಹುದಲ್ಲ? ಸೂರ್ಯ ಇದಾನೆ, ಆಮೆ ಇದೆ, ರಾಕ್ಷಸನೂ ಒಳ್ಳೆಯವನಾಗಿದಾನೆ. ಎಲ್ರೂ ಚೆನ್ನಾಗಿ ನೋಡ್ಕೋತಾರೆ."

"ಚೆನ್ನಾಗಿ ನೋಡ್ಕೊಂಡ್ರೆ ಅಮ್ಮ ನೆನಪಾಗಲ್ವಾ?"

ಜಗಲಿಯಲ್ಲಿ ನಶ್ಯದ ಡಬ್ಬಿ ಮುಚ್ಚಿದ ಸದ್ದಾಯಿತು. ಅತ್ತೆ ಅಲ್ಲೇ ಇದ್ದರು. ನಾನು ಮತ್ತೆ ಕತೆಯ ಮಾತೆತ್ತಲಿಲ್ಲ.

ಚಿತ್ರದ ಮೊದಲ ಪ್ರದರ್ಶನ ಕೊಡಿಗೇಹಳ್ಳಿಯಲ್ಲಿ. ವ್ಯಾನಿನಲ್ಲಿ ನಮ್ಮನ್ನೂ ಕರೆದುಕೊಂಡು ಹೋದ. ಅರಳೀಕಟ್ಟೆಯ ಎದುರು ಎರಡು ಗಳ ನೆಟ್ಟು ಬಿಳಿ ಪರದೆ ಕಟ್ಟಿದ್ದರು. ಸಂಜೆಗತ್ತಲು ಕವಿಯುವ ಹೊತ್ತಿಗೆ ಊರಿಗೆ ಊರೇ ಬಂದು ನೆಲದ ಮೇಲೆ ಕೂತಿತ್ತು. ಚಿತ್ರಕ್ಕೆ ಮಾತಿರಲಿಲ್ಲ. ಮೈದುನನೇ ಪಕ್ಕದಲ್ಲಿ ನಿಂತು ಮೈಕಿನಲ್ಲಿ ಕತೆ ಹೇಳಿದ.

ಮಿಡತೆ ಮೊದಲ ಸಲ ನೆಗೆದಾಗ ಮಕ್ಕಳು ಕಿರುಚಿದ ರಭಸಕ್ಕೆ ಮರದ ಕಾಗೆಗಳು ಎದ್ದವು. ರಾಕ್ಷಸ ಮೂಗು ಅರಳಿಸಿ, ಹುಬ್ಬು ನೆತ್ತಿಗೇರಿಸಿ, ಕಣ್ಣು ಮುಚ್ಚಿದ. ಸೀನಿದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ನನ್ನ ಪಕ್ಕದಲ್ಲಿ ಅತ್ತೆ ನೆಟ್ಟಗೆ ಕೂತರು.

"ಏನೇ, ಅದು ನನ್ನ ಸೀನಲ್ವಾ?"

ನಾನು ಸೆರಗು ಬಾಯಿಗೆ ತುರುಕಿಕೊಂಡೆ. ನನ್ನ ಯಜಮಾನರು ಮೊದಲ ಬಾರಿಗೆ ತಾಯಿಯ ಎದುರು ಗಟ್ಟಿಯಾಗಿ ನಕ್ಕರು!

ಸೂರ್ಯ ಬಂದ. ಹುಳುಗಳು ಹಾರಿದವು. ಬೆಟ್ಟದ ತುದಿಯಲ್ಲಿ ಹುಡುಗಿ ಒಬ್ಬಳೇ ನಿಂತು ದೂರಕ್ಕೆ ನೋಡಿದಳು. ಅಷ್ಟರಲ್ಲಿ ಪರದೆ ಬರೀ ಬೆಳ್ಳಗಾಯಿತು.

ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಎದ್ದರು. "ಇದೇನಪ್ಪಾ, ಉಡುಗಿ ಮನೆಗ್ ಓದ್ಲೋ ಇಲ್ವೋ?"

"ರೀಲು ಮುಗಿದೋಯ್ತು ಅಜ್ಜಿ," ಎಂದ ಮೈದುನ.

"ನಿನ್ ರೀಲು ಮುಗುದ್ರೆ ಅವಳು ಇಂಗೇ ನಿಂತಿರಬೇಕಾ? ಎತ್ತೋಳು ಕಾಯ್ತಿರಾಕಿಲ್ವಾ?"

ಜನವೆಲ್ಲ ಹೌದು ಹೌದು ಎಂದರು. ಮೈದುನ ಮೈಕು ಹಿಡಿದು ಸುಮ್ಮನೆ ನಿಂತ. ಹೇಳು, ಏನಾದರೂ ಹೇಳು ಎಂದು ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು. ಅವನು ಹೇಳಲಿಲ್ಲ. ನಾನು ಯಾವಾಗ ಎದ್ದು ನಿಂತೆನೋ ನನಗೇ ಗೊತ್ತಿಲ್ಲ. ಅತ್ತೆ ಪಕ್ಕದಲ್ಲಿ, ಗಂಡ ಹಿಂದೆ, ಇಡೀ ಊರು ಸುತ್ತ.

"ಹೋದಳು," ಎಂದೆ. "ಮಿಡತೆ ಮೇಲೆ ಕೂತು ಮನೆಗೆ ಹೋದಳು. ಅವರಮ್ಮ ಬಾಗಿಲಲ್ಲೇ ಇದ್ರು. ನೋಡಿದ್ದೆಲ್ಲಾ ಅಮ್ಮನಿಗೆ ಹೇಳಿದಳು. ರಾಕ್ಷಸನ ಸೀನೂ ಹೇಳಿದಳು, ಇಬ್ರೂ ನಕ್ಕರು. ನಾಲ್ಕು ದಿನ ಇದ್ದಳು. ಆಮೇಲೆ... ಆಮೇಲೆ ಸೂರ್ಯ, ಆಮೆ ಎಲ್ಲಾ ನೆನಪಾದರು. ಅವರೂ ಅವಳಿಗೆ ಬೇಕಾದವರೇ ಅಲ್ವಾ? ವಾಪಸ್ ಬಂದಳು."

"ಅಂಗನ್ನು ಮತ್ತೆ," ಎಂದು ಅಜ್ಜಿ ಸಮಾಧಾನದಿಂದ ಕೂತರು.

ಮರುದಿನ ಬೆಳಿಗ್ಗೆ ನಾನು ರಂಗೋಲಿ ಡಬ್ಬಿ ತೆಗೆದುಕೊಳ್ಳುವಾಗ ಅತ್ತೆ ಒಳಗಿನಿಂದ ಕೇಳಿದರು.

"ಶಿಡ್ಲಘಟ್ಟದ ಬಸ್ಸು ಎಷ್ಟೊತ್ತಿಗೆ?"

"ಎಂಟೂಕಾಲಿಗೆ, ಅತ್ತೆ."

"ನಿನಗೆ ಗೊತ್ತಿರುತ್ತೆ ಬಿಡು." ಕೈಯಲ್ಲಿ ಒಂದು ಗಂಟು ಹಿಡಿದು ಹೊರಬಂದರು. "ಚಟ್ನಿಪುಡಿ ಕಟ್ಟಿಟ್ಟಿದೀನಿ, ನಿಮ್ಮಮ್ಮನಿಗೆ ಕೊಡು. ನಮ್ಮ ತಮ್ಮನ ವಿಷಯ ಏನೂ ಎತ್ತಬೇಡ, ಅವನು ಪಾಯಸ ತಿಂದಿದ್ದು ನಾನೂ ನೋಡಿದೀನಿ. ಮತ್ತೆ, ನಾಲ್ಕೇ ದಿನ. ಊರವರ ಮುಂದೆ ನೀನೇ ಹೇಳಿದೀಯ."

ಯಜಮಾನರಿಗೆ ರಜೆ ಸಿಗಲಿಲ್ಲ. ಮೈದುನ ಜೊತೆಗೆ ಹೊರಟ. ಹದಿನಾಲ್ಕು ತಿಂಗಳಿಂದ ರಸ್ತೆಬದಿಯಿಂದ ನೋಡುತ್ತಿದ್ದ ಬಸ್ಸಿನೊಳಗೆ ಕೂತು ನಾನು ನಮ್ಮ ಮನೆಯ ರಂಗೋಲಿಯನ್ನು ಮೊದಲ ಸಲ ಕಿಟಕಿಯಿಂದ ನೋಡಿದೆ. ಯಲಹಂಕ ದಾಟಿದ ಮೇಲೆ ನನಗೆ ಮಾತು ಬಂತು.

"ನಿಮ್ಮ ರೀಲು ಮುಗಿದಿದ್ದು ಒಳ್ಳೇದೇ ಆಯ್ತು ನೋಡಿ," ಎಂದೆ.

ಅವನು ತನ್ನ ಬೆರಳಿನ ಮಸಿಕಲೆಯನ್ನು ಉಜ್ಜುತ್ತಿದ್ದ. "ರೀಲು ಮುಗಿದಿರ್ಲಿಲ್ಲ ಅತ್ತಿಗೆ. ಇನ್ನೂ ಅರ್ಧ ನಿಮಿಷದಷ್ಟು ಉಳಿದಿತ್ತು."

"ಮತ್ತೆ ಯಾಕೆ...?"

"ಅವಳು ಮನೆಗೆ ಹೋಗೋದನ್ನ ನಾಲ್ಕು ಸಲ ಬರೆದೆ. ನಾಲ್ಕೂ ಸರಿ ಬರ್ಲಿಲ್ಲ. ನಾನು ಯಾವತ್ತು ಮನೆ ಬಿಟ್ಟು ಹೋಗಿದೀನಿ, ನನಗೇನು ಗೊತ್ತು? ಗೊತ್ತಿರೋರು ಹೇಳ್ಲಿ, ಅಮ್ಮನೂ ಅಲ್ಲೇ ಕೂತಿರ್ತಾರೆ ಅಂದ್ಕೊಂಡೆ." ಮತ್ತೆ ಕಲೆ ಉಜ್ಜುತ್ತಾ, "ನೀವು ಏಳದೇ ಇದ್ದಿದ್ರೆ ಏನ್ ಮಾಡೋದು ಅಂತ ಮಾತ್ರ ಯೋಚ್ನೆ ಮಾಡಿರ್ಲಿಲ್ಲ," ಎಂದ.

ದೇವನಹಳ್ಳಿಯಲ್ಲಿ ಬಸ್ಸು ನಿಂತಾಗ ಅವನು ಇಳಿದು ಹೋಗಿ, ತಲೆಯಷ್ಟು ದಪ್ಪದ ಒಂದು ಚಕ್ಕೋತದ ಹಣ್ಣು ತಂದು ನನ್ನ ಕೈಗಿಟ್ಟ.

"ನಿಮ್ಮಮ್ಮನಿಗೆ," ಎಂದ.