ದೊಡ್ಡಪ್ಪನನ್ನು ಹಿಡಿದು ವಿಮಾನ ಹಾರಿಸಿದ್ದು

ಆ ಎರಡು ಹಿಡಿಗಳನ್ನು ನಾನು ಮೊದಲು ಕಂಡದ್ದು ನನ್ನ ಹೊಲಿಗೆ ಮೇಜಿನ ಮೇಲೆ. ಬಟ್ಟೆ ಇರಬೇಕಾದ ಜಾಗದಲ್ಲಿ ಎರಡು ಕರಿ ಕೊಂಬು! ಕೋಣ ಎಲ್ಲಿದೆ ಎಂದು ಮೇಜಿನ ಕೆಳಗೆ ಬಗ್ಗಿ ನೋಡಿದೆ. ಕೋಣ ಇರಲಿಲ್ಲ. ಬಾಗಿಲಲ್ಲಿ ಸೊಸೆ ನಗುತ್ತ ನಿಂತಿದ್ದಳು.

ನನ್ನ ಸೊಸೆ ಬಸ್ ಡ್ರೈವರು. ಮನೆಗೆ ಬಂದರೆ ಟಿವಿಗೆ ಆಟದ ಪೆಟ್ಟಿಗೆ ಜೋಡಿಸಿ ವಿಮಾನ ಓಡಿಸುತ್ತಾಳೆ. ಡಿಪೋದವರೆಲ್ಲ ಅವರವರ ಮನೆಯಲ್ಲೇ ಕೂತು ಪಂದ್ಯ ಆಡುತ್ತಾರೆ. ಬಿರುಗಾಳಿಯಲ್ಲಿ ವಿಮಾನ ಇಳಿಸಬೇಕು. ಹೋದ ಸಲ ಗುಂಡಿ ಒತ್ತಿ ಆಡಿದವಳ ವಿಮಾನ ರನ್‌ವೇ ಬಿಟ್ಟು ಹೊಲಕ್ಕೆ ನುಗ್ಗಿತು. ಅಂದಿನಿಂದ ಡಿಪೋದಲ್ಲಿ ಅವಳಿಗೆ ಒಂದೇ ಪ್ರಶ್ನೆ: "ಏನಮ್ಮಾ, ಹೊಲ ಉತ್ತಾಯ್ತಾ?" ಈ ಭಾನುವಾರ ಮತ್ತೆ ಪಂದ್ಯ. ಆ ಬಾಯಿಗಳಿಗೆ ಬೀಗ ಹಾಕಲೇಬೇಕೆಂದು ಅವಳು ಹಲ್ಲು ಕಚ್ಚಿಕೊಂಡಿದ್ದಳು.

"ಅತ್ತೆ, ಇವು ಆಟದ ವಿಮಾನ ಹಾರಿಸೋ ಹಿಡಿ, ಜಾಯ್‌ಸ್ಟಿಕ್ಕು. ಅಂಗಡಿಯವನು ಎರಡೂ ಕೊಟ್ಟಿದ್ದಾನೆ. ಒಂದನ್ನ ಇಟ್ಕೊಂಡು ಇನ್ನೊಂದನ್ನ ವಾಪಸ್ ಕಳಿಸ್ಬೇಕು. ನನಗೆ ಭಾನುವಾರದವರೆಗೂ ದೂರದ ಡ್ಯೂಟಿ. ನೀವೇ ಹೋಲಿಸಿ ನೋಡ್ತೀರಾ?"

"ನಾನಾ! ಸಹಿ ಹಾಕೋಕೆ ಕೂತ್ರೆ ಪೆನ್ನೇ ಬೆವರುತ್ತೆ ಕಣೇ!"

"ಓದಿ ಅಂದವರು ಯಾರು? ಕಣ್ಮುಚ್ಚಿ ಬಟ್ಟೆ ಮುಟ್ಟಿ, ಒಳಮೈ ಯಾವುದು ಹೊರಮೈ ಯಾವುದು ಅಂತೀರಲ್ಲ, ಆ ಕೈ ಸಾಕು."

ನಾನು ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿದೆ! "ಈ ಮನೆಗೆ ಸೊಸೆಯನ್ನ ಆರಿಸಿದ ಕೈ ಇದು! ಒಂದು ಹಿಡಿ ಆರಿಸಲಾರದೇ?"

ಮಗನಿಗೆ ಕೆಳಗಡೆಯೇ ಕ್ಷೌರದ ಅಂಗಡಿ. ಮೆಟ್ಟಿಲಿಂದಲೇ ಕೂಗಿದ: "ಅವಳನ್ನ ಆರಿಸಿದ್ದು ನಾನಮ್ಮ! ನೀನು ಅಳತೆ ತಗೊಂಡು ಬಟ್ಟೆ ಹೊಲಿದೆ, ಅಷ್ಟೆ!"

ಸೊಸೆ ಹೋದ ಮೇಲೆ ಪರೀಕ್ಷೆ ಶುರುವಾಯಿತು. ದಪ್ಪಗಿದ್ದದ್ದಕ್ಕೆ ದೊಡ್ಡಪ್ಪ, ಸಣ್ಣಗಿದ್ದದ್ದಕ್ಕೆ ಚಿಕ್ಕಪ್ಪ ಎಂದು ಹೆಸರಿಟ್ಟೆ. ಚಿಕ್ಕಪ್ಪ ಪ್ಲಾಸ್ಟಿಕ್ಕು, ಹಗುರ. ವೇಗ ಹೆಚ್ಚಿಸುವ ಸನ್ನೆಕೋಲು ಅವನ ಪಾದದಲ್ಲೇ ಇದೆ. ಎಡಗೈಗೂ ಸರಿ, ಬಲಗೈಗೂ ಸರಿ. ಹಿಡಿಯನ್ನು ತಿರುಚಿದರೆ ವಿಮಾನದ ಮೂತಿ ಅತ್ತಿತ್ತ ತಿರುಗುತ್ತದೆಯಂತೆ. ದೊಡ್ಡಪ್ಪನೋ, ಲೋಹದವನು. ಎತ್ತಿದರೆ ಇಸ್ತ್ರಿಪೆಟ್ಟಿಗೆಯ ಭಾರ! ಬೆರಳುಗಳಿಗೆ ಒಂದೊಂದು ತಗ್ಗು, ಅಂಗೈಗೆ ಆಸನ, ವೇಗದ ಸನ್ನೆಕೋಲಿಗೆ ಬೇರೆಯೇ ಮನೆ. ಮುಟ್ಟಿದರೆ ಕೋಟಿನ ಒಳಗಿನ ರೇಷ್ಮೆಯ ನುಣುಪು.

ಮಗ ಬಂದು ಚಿಕ್ಕಪ್ಪನ ತಂತಿ ಸಿಕ್ಕಿಸಿ, ವಿಮಾನವನ್ನು ನಡುಬಾನಿನಲ್ಲಿ ನಿಲ್ಲಿಸಿ, ಗಿರಾಕಿಯ ಕಡೆ ಓಡಿದ. ನಾನು ಹಿಡಿ ಹಿಡಿದೆ. ಹಿಡಿದೊಡನೆ ನನ್ನ ಕಾಲುಗಳು ಮೇಜಿನಡಿಯ ಪೆಡಲನ್ನು ತುಳಿಯತೊಡಗಿದವು! ಇಷ್ಟು ವರ್ಷದ ರೂಢಿ, ಬಿಡುತ್ತದೆಯೇ? ಮೇಜು ಗಡಗಡ ನಡುಗಿತು, ಚಿಕ್ಕಪ್ಪ ಜಾರಿದ, ವಿಮಾನ ಕೆರೆಗೆ ಬಿತ್ತು. ಮತ್ತೆ ಏರಿಸಿದೆ, ಬೆಟ್ಟಕ್ಕೆ ಬಡಿಯಿತು. ಪ್ರತಿ ಸಲವೂ ಟಿವಿ "ಕೊಯ್ಯೋ" ಎಂದು ಬೊಬ್ಬೆ ಹೊಡೆಯಿತು. ಮಗ ಕತ್ತರಿ ಹಿಡಿದೇ ಓಡಿ ಬಂದ.

"ಅಮ್ಮಾ, ಕಾಲು ನಿಲ್ಸು! ಕೆಳಗೆ ಗಿರಾಕಿ ಬೆಚ್ಚಿಬಿದ್ದು ಕಿವಿ ಹೋಗ್ತಿತ್ತು!"

"ಕಾಲು ನಿಲ್ಸಿದ್ರೆ ಕೈಗೆ ಬುದ್ಧಿ ಬರಲ್ಲ ಕಣೋ! ತಪ್ಪು ನನ್ನದಲ್ಲ, ಈ ಚಿಕ್ಕಪ್ಪಂದು."

"ಹೌದೌದು, ಕುಣಿಯಲು ಬಾರದವಳಿಗೆ ನೆಲ ಡೊಂಕು!" ಎಂದು ಗೊಣಗುತ್ತ ಅವನು ದೊಡ್ಡಪ್ಪನನ್ನು ಸಿಕ್ಕಿಸಿದ. ಅದೇನೋ ಗುಂಡಿಗಳನ್ನು ಒತ್ತಿ ಕೆಳಗಿಳಿದ.

ದೊಡ್ಡಪ್ಪನನ್ನು ಹಿಡಿದೆ. ಆಹಾ! ಮೇಜು ನಡುಗಿದರೂ ವಿಮಾನ ನಡುಗಲಿಲ್ಲ. ಮೋಡದ ಮೇಲೆ ಹೊಸ ಸೂಜಿಯಂತೆ ಸಾಗಿತು. ಪರದೆಯ ಕೆಳಗೆ ಒಂದು ಚೌಕದಲ್ಲಿ ಏನೋ ಬರಹ ಬಂತು. ನನಗೆ ಬಾರದ ಅಕ್ಷರ. ಶಾಭಾಸ್ ಅನ್ನುತ್ತಿರಬೇಕೆಂದು ನಾನೂ ಸಂಕೋಚದಿಂದ ತಲೆಬಾಗಿದೆ. ಅದು ಮತ್ತೆ ಮತ್ತೆ ಬಂತು. ನಾನೂ ಮತ್ತೆ ಮತ್ತೆ ಬಾಗಿದೆ.

ತೀರ್ಪಾಯಿತು! ಚಿಕ್ಕಪ್ಪನನ್ನು ವಾಪಸ್ ಕಳಿಸಬೇಕು. ವಸ್ತು ಕಳಿಸುವುದೆಂದರೆ ನಮ್ಮ ಕಾಲದಲ್ಲಿ ಬಟ್ಟೆಯಲ್ಲಿ ಹೊಲಿದು ಕಳಿಸುತ್ತಿದ್ದೆವು. ನಾನೂ ದಪ್ಪ ಕ್ಯಾನ್‌ವಾಸಿನಲ್ಲಿ ಸುತ್ತಿ, ಜೋಡಿ ದಾರದಲ್ಲಿ, ಒಂದು ಹೆಜ್ಜೆ ಮುಂದೆ ಅರ್ಧ ಹೆಜ್ಜೆ ಹಿಂದೆ ಹಾಕುವ ಗಟ್ಟಿ ಹೊಲಿಗೆ ಹಾಕಿದೆ. ಕೊರಿಯರ್‌ನವನು ತಿರುಗಿಸಿ ತಿರುಗಿಸಿ ನೋಡಿದ.

"ಅಜ್ಜೀ, ಇದು ಪಾರ್ಸೆಲ್ಲೋ, ತಲೆದಿಂಬೋ? ಇದಕ್ಕೆ ಚೀಟಿ ಅಂಟಲ್ಲ. ರಟ್ಟಿನ ಡಬ್ಬಕ್ಕೆ ಹಾಕಿಡಿ, ಸೋಮವಾರ ಬರ್ತೀನಿ."

ನನ್ನ ಹೊಲಿಗೆಗೆ ಎಂಥ ಅವಮಾನ! ಉರಿದುಹೋದೆ.

ಭಾನುವಾರ ಸಂಜೆ ಸೊಸೆ ಖಾಕಿಯಲ್ಲೇ ಬಂದು ಕೂತಳು. ಫೋನಿನಲ್ಲಿ ಆಗಲೇ ಡಿಪೋದವರ ಗದ್ದಲ: "ಹೊಲ ಉಳೋರು ಬಂದ್ರಪ್ಪಾ!" ಅವಳು ದೊಡ್ಡಪ್ಪನನ್ನು ಎಳೆದಳು, ತಳ್ಳಿದಳು. ವಿಮಾನ ಜಪ್ಪಯ್ಯ ಅನ್ನಲಿಲ್ಲ. ಅವನು ಬಂದ ಡಬ್ಬದ ಮೇಲಿನ ಬರಹ ಓದಿ ಸಣ್ಣ ದನಿಯಲ್ಲಿ ಹೇಳಿದಳು: "ಅತ್ತೆ, ಇದು ನಮ್ಮ ಪೆಟ್ಟಿಗೆಗೆ ಆಗೋದೇ ಇಲ್ಲ. ಬೇರೆ ಕಂಪನಿ ಪೆಟ್ಟಿಗೆಗೆ ಮಾಡಿದ್ದು. ಅಂಗಡಿಯವನು ನೋಡದೆ ಕೊಟ್ಟಿದ್ದಾನೆ."

"ಸುಳ್ಳು! ನಾನೇ ಹಾರಿಸಿದೀನಿ!"

ಮಗ ತಲೆ ಕೆರೆದುಕೊಂಡ. "ಅದು... ವಿಮಾನ ತಾನೇ ಹಾರೋ ಹಾಗೆ ಮಾಡಿಟ್ಟು ಹೋಗಿದ್ದೆ. ಗಿರಾಕಿ ಕಿವಿ ಉಳಿಸ್ಬೇಕಿತ್ತಮ್ಮ."

ಅಯ್ಯೋ! ನೆಲ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಬಾಯಿ ಬಿಡಬೇಕಾಗಿದ್ದದ್ದು ನೆಲವಲ್ಲ, ನನ್ನ ಪಾರ್ಸೆಲ್ಲು! ನಾನು ಕತ್ತರಿ ಹಿಡಿದೆ, ಮಗ ಕ್ಷೌರದ ಕತ್ತಿ ತಂದ, ಸೊಸೆ ಹಲ್ಲನ್ನೇ ಹಾಕಿದಳು.

"ಅತ್ತೆ, ಇದನ್ನ ವಿಮಾನದಿಂದ ಎಸೆದ್ರೂ ಬಿಚ್ಚಲ್ಲ!"

"ಹೊಲಿಗೆ ಅಂದ್ರೆ ಹಾಗಿರ್ಬೇಕು ಕಣೇ!" ಎಂದೆ. ಎಂದ ಮೇಲೆ ನಾಲಗೆ ಕಚ್ಚಿಕೊಂಡೆ.

ಪಂದ್ಯದಲ್ಲಿ ಅವಳ ಸರದಿ ಕೂಗುವ ಹೊತ್ತಿಗೆ ಚಿಕ್ಕಪ್ಪ ನೂಲು ಮೆತ್ತಿಕೊಂಡು ಹೊರಬಂದ. ಆಮೇಲೆ ನೋಡಬೇಕಿತ್ತು ನೀವು! ಜಾರದಂತೆ ಅವನ ಪಾದಕ್ಕೆ ಆ ಕ್ಯಾನ್‌ವಾಸನ್ನೇ ಮಡಿಸಿ ಹಾಸಿದಳು. ಗಾಳಿ ವಿಮಾನವನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಅವಳು ಮೂತಿಯನ್ನು ಗಾಳಿಗೇ ಕೊಟ್ಟು ಓರೆಯಾಗಿ ಇಳಿದಳು. ನೆಲ ಹತ್ತಿರ ಬಂದಾಗ ಮಣಿಕಟ್ಟು ಇಷ್ಟೇ ಇಷ್ಟು ತಿರುಚಿದಳು. ಅಂಗಿಗೆ ತೋಳು ಕೂಡಿಸಿ ಕೊನೆಯ ಸುಕ್ಕನ್ನು ಹೆಬ್ಬೆರಳಲ್ಲಿ ಸವರುತ್ತೇವಲ್ಲ, ಹಾಗೆ! ವಿಮಾನ ನೆಟ್ಟಗಾಯಿತು, ಗೆರೆಯ ಮೇಲೆ ಕೂತಿತು. ಅಷ್ಟು ಚಂದದ ಕೈಕೆಲಸ ನಾನು ಬಟ್ಟೆಯಲ್ಲೂ ಕಂಡಿಲ್ಲ. ನಾನು ಜರಿದ ಚಿಕ್ಕಪ್ಪನೇ ಅವನು!

ಫೋನು ಗಪ್‌ಚಿಪ್. ಆಮೇಲೆ ಒಂದು ದನಿ: "ಅದ್ಯಾವ ಹಿಡಿ ಅಮ್ಮಾ?"

"ನಮ್ಮತ್ತೆ ಆರಿಸಿಕೊಟ್ಟಿದ್ದು!" ಎಂದಳು ಸೊಸೆ, ತುಟಿಯ ಮೇಲಿನ ದಾರ ಉಗುಳುತ್ತ.

ಆ ಮಾತಿಗೆ ನನ್ನ ಕಣ್ಣು ತುಂಬಿತು. ಸೊಸೆ ನನ್ನನ್ನು ಎಳೆದು ಕೂರಿಸಿದಳು. ಚಿಕ್ಕಪ್ಪನನ್ನು ಭಯಭಕ್ತಿಯಿಂದ ಹಿಡಿದೆ. ಕಾಲೆರಡನ್ನೂ ಕುರ್ಚಿಯ ಮೇಲೆ ಮಡಚಿಕೊಂಡೆ. ಮಗ, ಕಿವಿಗಳ ಹಿತದೃಷ್ಟಿಯಿಂದ, ಮತ್ತೆ ಅದೇ ಗುಂಡಿಗಳನ್ನು ಒತ್ತಿದ. ವಿಮಾನ ಸೂಜಿಯಂತೆ ಸಾಗಿತು. ಪರದೆಯ ಮೇಲೆ ಅದೇ ಚೌಕ ಬಂತು. ರೂಢಿಯಂತೆ ತಲೆಬಾಗಿದೆ.

"ಯಾರಿಗತ್ತೆ ನಮಸ್ಕಾರ?"

"ಶಾಭಾಸ್ ಅಂತಿದೆಯಲ್ಲೇ."

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕು, ನನ್ನ ಹೆಗಲ ಮೇಲೆ ಕೈಯಿಟ್ಟು ಓದಿ ಹೇಳಿದಳು:

"'ಇಷ್ಟು ಹೊತ್ತು ನಾನೇ ಹಾರಿಸಿದೆ. ಇನ್ನು ನೀವು ಹಾರಿಸುತ್ತೀರಾ?'"