ಸೊಂಟದ ಗಂಟು

ಬೀಗದಣ್ಣನ ಹೆಂಡತಿಯ ಕಾಲು ಬಚ್ಚಲಲ್ಲಿ ಉಳುಕಿದ್ದೇ ಎಲ್ಲಕ್ಕೂ ಕಾರಣ. ನಾಲ್ಕು ವರ್ಷದಿಂದ ಸಾಲದ ಕಂತು ಕಟ್ಟಿ ಬರುತ್ತಿದ್ದವಳು ಅವಳೇ. ಅತ್ತೆಯ ಮಂಡಿ ಆಪರೇಷನ್ನಿಗೆಂದು ಮನೆಪತ್ರ ಅಡವಿಟ್ಟು ಸಹಕಾರ ಸಂಘದಿಂದ ಎತ್ತಿದ ಸಾಲ. ಅವಳು ಶಾಲೆಯ ಸಮವಸ್ತ್ರ ಹೊಲಿದು, ಹಾಲನ್ನು ಅರ್ಧ ಲೀಟರಿಗೆ ಇಳಿಸಿ, ಗಂಡನ ಹಳೆಯ ಪ್ಯಾಂಟನ್ನು ಮಗನ ಅಳತೆಗೆ ಕತ್ತರಿಸಿ, ಕೊನೆಯ ನಲವತ್ತೆರಡು ಸಾವಿರ ಕೂಡಿಹಾಕಿದ್ದಳು. ಇವತ್ತು ಎರಡು ಗಂಟೆಯೊಳಗೆ ಕಟ್ಟಿದರೆ ಬಡ್ಡಿಯಲ್ಲಿ ಒಂಬತ್ತು ಸಾವಿರ ಮಾಫಿ. ನಾಳೆ ಕಟ್ಟಿದರೆ ಇಲ್ಲ.

ಬೀಗದಣ್ಣನ ಕಸುಬು ಬೀಗ ರಿಪೇರಿ. ಇಪ್ಪತ್ತು ವರ್ಷ ಊರವರ ಬೀಗಗಳನ್ನೆಲ್ಲ ಒಂದು ತುಂಡು ತಂತಿಯಲ್ಲಿ ತೆರೆದುಕೊಟ್ಟವನಿಗೆ, ಲೋಕದಲ್ಲಿ ಭದ್ರವಾದದ್ದು ಯಾವುದೂ ಇಲ್ಲ ಎಂಬುದು ಖಾತ್ರಿಯಾಗಿತ್ತು. ಹೆಂಡತಿ ದುಡ್ಡನ್ನು ಬಟ್ಟೆಯಲ್ಲಿ ಸುತ್ತಿ ಅವನ ಸೊಂಟಕ್ಕೆ ಕಟ್ಟಿದಳು.

"ಇದು ಹೋದ್ರೆ ಇನ್ನೊಂದ್ಸಲ ಕೂಡಿಡೋ ಶಕ್ತಿ ನನಗಿಲ್ಲ ರೀ."

ಬೈದಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಗಂಡನ ಪುಕ್ಕಲುತನ ಬಲ್ಲ ಅವಳು ಪಕ್ಕದ ಮನೆಯ ನಿವೃತ್ತ ಮೇಷ್ಟ್ರನ್ನು ಜೊತೆಗೆ ಕಳಿಸಿದಳು. ಆ ಸಂಘದಲ್ಲಿ ತನಗೆ ಗೊತ್ತಿಲ್ಲದ ಕಿಟಕಿಯೇ ಇಲ್ಲವೆಂದು ಮೇಷ್ಟ್ರು ಧೈರ್ಯ ಹೇಳಿದರು. ಆದರೆ ಬಸ್ಸು ಹತ್ತಿದ್ದೇ ತಡ, ಇವರು ಇವತ್ತು ಮನೆಸಾಲವನ್ನೆಲ್ಲ ಒಂದೇ ಏಟಿಗೆ ತೀರಿಸಲಿದ್ದಾರೆ, ಎಲ್ಲರೂ ಇವರನ್ನು ನೋಡಿ ಕಲಿಯಬೇಕು ಎಂದು ಮುಂದಿನ ಸೀಟಿನವರಿಗೆ ಪಾಠ ಶುರುಮಾಡಿದರು. ಅರ್ಧ ಬಸ್ಸು ತಿರುಗಿ ನೋಡಿತು. ಬೀಗದಣ್ಣನ ಬೆನ್ನಲ್ಲಿ ಬೆವರು ಇಲಿಮರಿಯಂತೆ ಹರಿದಾಡಿತು.

ಆಗಲೇ ಅವನಿಗೆ ಒಬ್ಬ ಮೀಸೆಯವನು ಕಂಡದ್ದು. ಪಟ್ಟೆ ಅಂಗಿ ತೊಟ್ಟು ಕಂಬಿ ಹಿಡಿದು ನಿಂತಿದ್ದ ಅವನ ಕಣ್ಣು ಬೀಗದಣ್ಣನ ಸೊಂಟದಿಂದ ಕದಲುತ್ತಲೇ ಇರಲಿಲ್ಲ. ಬೀಗದಣ್ಣ ಮೇಷ್ಟ್ರ ಕೈಹಿಡಿದೆಳೆದು ಎರಡು ನಿಲ್ದಾಣ ಮೊದಲೇ ಇಳಿದ. ಮೀಸೆಯವನೂ ಇಳಿದ. ಇವರು ಗಲ್ಲಿಗೆ ಹೊಕ್ಕರೆ ಅವನೂ ಹೊಕ್ಕ. ತಪ್ಪಿಸಿಕೊಳ್ಳಲು ಬೀಗದಣ್ಣ ಕ್ಷೌರದಂಗಡಿಗೆ ನುಗ್ಗಿ, ಬೆಳಿಗ್ಗೆ ತಾನೇ ಬೋಳಿಸಿದ್ದ ಗಡ್ಡವನ್ನು ಇನ್ನೊಮ್ಮೆ ಬೋಳಿಸಿಕೊಂಡ. ಕನ್ನಡಿಯಲ್ಲಿ ನೋಡಿದರೆ, ಎದುರು ಕಟ್ಟೆಯ ಮೇಲೆ ಆ ಮೀಸೆ ಕುಳಿತೇ ಇತ್ತು.

ಹೀಗೆ ಸುತ್ತಿ ಬಳಸಿ ಅವರು ಸಂಘ ಸೇರುವಾಗ ಹನ್ನೆರಡೂವರೆ. ದುಡ್ಡು ಕಟ್ಟುವ ಕಿಟಕಿ ಇನ್ನೂ ತೆರೆದಿರಲಿಲ್ಲ. ಹೊಸ ಗುಮಾಸ್ತ ಬಂದಿಲ್ಲವೆಂದು ನಲವತ್ತು ಜನ ಗೊಣಗುತ್ತಿದ್ದರು. ಮೀಸೆಯವನು ಬೀಗದಣ್ಣನ ಹಿಂದೆಯೇ ಬಾಗಿಲು ದಾಟಿ, ಪಕ್ಕಕ್ಕೆ ಬಂದು, ಕಿವಿಯಲ್ಲಿ ಹೇಳಿದ:

"ನಿಮ್ಮ ಗಂಟಿನ ತುದಿ ಅಂಗಿಯಿಂದ ಆಚೆ ನೇತಾಡ್ತಿದೆ. ಯಾರಾದ್ರೂ ಎಳೆದುಬಿಟ್ಟಾರು ಅಂತ ಹಿಂದೆಯೇ ಬಂದೆ. ಕೂಗಿ ಹೇಳಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತು."

ಹಾಗೆಂದವನು ಒಳಗೆ ಹೋಗಿ ಕಿಟಕಿ ತೆರೆದು ಕುಳಿತ. ಆ ಗುಮಾಸ್ತ ಅವನೇ.

ಬೀಗದಣ್ಣನಿಗೆ ನಾಚಿಕೆಯಾಯಿತು, ಆದರೆ ನಡುಕ ನಿಲ್ಲಲಿಲ್ಲ. ಸಾಲು ಆಮೆಯಂತೆ ಸರಿಯುತ್ತಿತ್ತು. ಗಂಟೆ ಒಂದೂಮುಕ್ಕಾಲಾಯಿತು. ಚಲನ್ ತುಂಬಲು ಹೋದರೆ ಪೆನ್ನು ಕೋಳಿಯಂತೆ ಕೆದಕಿ ಕಾಗದ ಹರಿಯಿತು. ಎರಡನೆಯದೂ ಹರಿಯಿತು.

"ಕೊಡಿ ಇಲ್ಲಿ," ಎಂದು ಮೇಷ್ಟ್ರು ಮೂರನೆಯದನ್ನು ಕಸಿದುಕೊಂಡು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಒಂದೇ ಉಸಿರಿಗೆ ತುಂಬಿದರು. ಎರಡಾಗಲು ಇನ್ನು ಮೂರೇ ನಿಮಿಷ. ಗುಮಾಸ್ತ ದುಡ್ಡು ಎಣಿಸಿ, ಕಂಪ್ಯೂಟರಿನಲ್ಲಿ ಒತ್ತಿ, ಮೊಹರು ಗುದ್ದಿದ. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಬೀಗದಣ್ಣ ಎದೆ ತುಂಬ ಉಸಿರೆಳೆದು, ತನ್ನ ಮನೆಪತ್ರ ಕೇಳಿದ.

ಗುಮಾಸ್ತ ಪರದೆಯಲ್ಲಿ ಸಾಲಗಾರನ ವಿವರ ಓದಿದ. "ಪತ್ರ ಈಗಲೇ ಹೇಗೆ ಕೊಡೋದು ಮೇಷ್ಟ್ರೇ? ನಿಮ್ಮದಿನ್ನೂ ಒಂದು ಲಕ್ಷ ಹತ್ತು ಸಾವಿರ ಬಾಕಿ ಇದೆ."

"ನಾನು ಮೇಷ್ಟ್ರಲ್ಲ," ಎಂದ ಬೀಗದಣ್ಣ. ದನಿ ಬಾವಿಯೊಳಗಿಂದ ಬಂದಂತಿತ್ತು.

ಮೇಷ್ಟ್ರು ಕನ್ನಡಕ ಏರಿಸಿ ಚಲನ್ ನೋಡಿದರು. ಹೆಸರೂ ಅವರದೇ, ಸಾಲದ ನಂಬರೂ ಅವರದೇ. ಅವರ ಮುಖ ಬಿಳಿಚಿತು. "ಹನ್ನೊಂದು ವರ್ಷದ ಅಭ್ಯಾಸ. ಕೈ ತಾನೇ ಬರೆದುಬಿಟ್ಟಿದೆ," ಎಂದರು.

ಮ್ಯಾನೇಜರು ಬಹಳ ಮರ್ಯಾದೆಯಿಂದಲೇ ವಿವರಿಸಿದರು. ಮೇಷ್ಟ್ರ ಕಂತು ಏಳೆಂಟು ತಿಂಗಳಿಂದ ನಿಂತಿತ್ತಂತೆ. ತಡವಾದ ಸಾಲಕ್ಕೆ ಜಮೆಯಾದ ಹಣವನ್ನು ಹಿಂದಿರುಗಿಸುವ ನಿಯಮ ಸಂಘದಲ್ಲಿಲ್ಲವಂತೆ. ಮಾಫಿಯ ಅವಧಿಯೂ ಈಗತಾನೇ ಮುಗಿಯಿತಂತೆ.

ಮೇಷ್ಟ್ರು ಬೀಗದಣ್ಣನ ಹೆಗಲ ಮೇಲೆ ಕೈಯಿಟ್ಟರು. "ಹೆದರಬೇಡಿ. ನಿಮ್ಮ ದುಡ್ಡು ಎಲ್ಲೂ ಹೋಗಲ್ಲ. ತಿಂಗಳಿಗೆ ಐನೂರರ ಹಾಗೆ ತೀರಿಸಿಬಿಡ್ತೀನಿ."

ಬೀಗದಣ್ಣ ಬೆರಳು ಮಡಿಸಿ ಲೆಕ್ಕ ಹಾಕಿದ. ಏಳು ವರ್ಷ.

ಹಿಂದಿರುಗುವ ಬಸ್ಸಿನಲ್ಲಿ ಮೇಷ್ಟ್ರು ಯಾರಿಗೂ ಪಾಠ ಹೇಳಲಿಲ್ಲ. ಮನೆಗೆ ಒಂದು ನಿಲ್ದಾಣ ಇರುವಾಗ, ತರಕಾರಿ ತರುವುದಿದೆ ಎಂದು ಮೆಲ್ಲಗೆ ಇಳಿದುಹೋದರು. ಬೀಗದಣ್ಣನಿಗೆ ಈಗ ಕಳ್ಳರ ಭಯವಿರಲಿಲ್ಲ. ಬಸ್ಸು ಅವನ ಬೀದಿಯ ತುದಿಯಲ್ಲಿ ನಿಂತಿತು. ಮನೆಯ ಬಾಗಿಲ ಬಳಿ ಹೆಂಡತಿ ಉಳುಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕುಳಿತಿರುವುದು ಕಿಟಕಿಯಿಂದ ಕಂಡಿತು. ಅವನನ್ನು ಕಂಡು ನಗುತ್ತಾ ಕೈಯೆತ್ತಿದಳು.

ಬೀಗದಣ್ಣ ತಲೆ ತಗ್ಗಿಸಿ, ಕಂಡಕ್ಟರನ ಮುಂದೆ ಚಿಲ್ಲರೆ ಹಿಡಿದ.

"ಕೊನೆಯ ನಿಲ್ದಾಣಕ್ಕೆ ಒಂದು ಕೊಡಿ."