ಸಾಣೆಯವನ ಸೈಕಲ್ಲು

ದಾರಿ

"ಅಜ್ಜೀ, ಆವನಿ ಊರಿಗೆ ದಾರಿ ಯಾವುದು?" ಎಂದು ಕೇಳೋಣವೆಂದು ಒಂದು ಮನೆಯ ಮುಂದೆ ಸೈಕಲ್ ಬೆಲ್ಲು ಬಾರಿಸಿದೆ. ಹೊರಬಂದ ಅಜ್ಜಿಯ ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದರಲ್ಲಿ ಮಚ್ಚು. ಹೋದ ದೇಶಗಳಲ್ಲೆಲ್ಲ ದಾರಿ ತಪ್ಪಿದವಳೇ ನಾನು. ಇಂಥ ಸ್ವಾಗತ ಎಲ್ಲೂ ಸಿಕ್ಕಿರಲಿಲ್ಲ.

"ಕಲ್ಲೆಲ್ಲಿ?" ಎಂದರು.

ಸೈಕಲ್ಲನ್ನು ನಾನು ಮುಳಬಾಗಿಲಲ್ಲಿ ಸಾಣೆ ಹಿಡಿಯುವವನಿಂದ ಕೊಂಡಿದ್ದೆ. ಅವನು ಸಾಣೆಕಲ್ಲು ಬಿಚ್ಚಿ ತನ್ನ ಮೊಪೆಡ್ಡಿಗೆ ಹಾಕಿಕೊಂಡಿದ್ದ; ಬೆಲ್ಲು ಮಾತ್ರ ಬೀದಿಬೀದಿಗೆ ಗೊತ್ತಿದ್ದ ಅವನದೇ.

"ಇದನ್ನ ನನಗೆ ಮಾರಿಬಿಟ್ಟ ಅಜ್ಜಿ."

"ಮುಂದಿನ ವಾರ ರಾಗಿ ಕುಯ್ಲು. ಈ ಕುಡುಗೋಲು ಹುಲ್ಲನ್ನೂ ಕುಯ್ಯಲ್ಲ. ನಾನೇನ್ ಹಲ್ಲಲ್ಲಿ ಕುಯ್ಲಾ?"

ಅಷ್ಟರಲ್ಲಿ ನೋಡಿದರೆ ಚೈನು ಕಳಚಿತ್ತು. ಹಾಕಿದೆ. ಮಸಿ ಕೈ ತೊಳೆಯಲು ಅಜ್ಜಿ ಬೂದಿ ಕೊಟ್ಟರು, ಕುಡಿಯಲು ಮಜ್ಜಿಗೆ ಕೊಟ್ಟರು. ಲೋಟ ಕೆಳಗಿಡುವಷ್ಟರಲ್ಲಿ ಕುಡುಗೋಲು, ಮಚ್ಚು ಎರಡೂ ನನ್ನ ಕ್ಯಾರಿಯರಿನಲ್ಲಿದ್ದವು.

"ಮಜ್ಜಿಗೆ ಕುಡಿದಿದ್ದೀಯ. ಕುಯ್ಲಿಗೆ ಮುಂಚೆ ಸಾಣೆ ಹಿಡಿಸಿ ತಂದ್ಕೊಡು."

ಆವನಿಯ ದಾರಿ ಮಾತ್ರ ಹೇಳಲಿಲ್ಲ.

ಬಣ್ಣ

ಚೈನು ಹೀಗೇ ಕಳಚುತ್ತಿದ್ದರೆ ನಾನು ಅಜ್ಜಿಯ ಕೆಲಸ ಮುಗಿಸಿದ ಹಾಗೇ. ಮುಳಬಾಗಿಲಿನ ಮನೆಗೆ ಬಂದವಳೇ ಸೈಕಲ್ ಉಜ್ಜಲು ಕೂತೆ. ಕೆಸರಿನ ಕೆಳಗೆ ಹಸಿರು, ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಬೆಳ್ಳಿ ಬಣ್ಣ. ಇದರ ನಿಜವಾದ ಬಣ್ಣ ಯಾವುದೆಂದು ಹಟ ಹುಟ್ಟಿತು. ಎದುರಿನ ಪಂಕ್ಚರ್ ಅಂಗಡಿಯವರು ನೋಡಿ ನನ್ನ ಕೈ ಹಿಡಿದು ತಡೆಯುವುದೊಂದು ಬಾಕಿ.

"ಸಾಕು ನಿಲ್ಲಿಸಿ ಮೇಡಂ. ಬಣ್ಣ ಹಿಡ್ಕೊಂಡಿರೋದಕ್ಕೇ ಅದಿನ್ನೂ ಸೈಕಲ್ಲು."

ಎಣ್ಣೆ

ಚೈನಿಗೆ ಹಾಕಲು ಮನೆಯಲ್ಲಿದ್ದದ್ದು ಕಡಲೆಕಾಯಿ ಎಣ್ಣೆ. ಧಾರಾಳವಾಗಿಯೇ ಸುರಿದೆ. ಬೆಳಗ್ಗೆ ನೋಡಿದರೆ ಪೆಡಲಿನಿಂದ ಹಿಂದಿನ ಚಕ್ರದವರೆಗೆ ಇರುವೆಗಳ ಮೆರವಣಿಗೆ.

ಪಕ್ಕದ ಮನೆಯಾಕೆ ಕಾಂಪೌಂಡಿನಿಂದ ಇಣುಕಿ, "ಒಗ್ಗರಣೆ ಹಾಕೋದು ಮರ್ತ್ರಾ ಅಕ್ಕ?" ಎಂದಳು.

ಕಲ್ಲು

ಅಜ್ಜಿಯ ಕುಡುಗೋಲು, ಮಚ್ಚು ಹಿಡಿದು ಸಾಣೆಯವನ ಮನೆ ಹುಡುಕಿ ಹೋದರೆ ಅವನ ಕಾಲಿಗೆ ಪಟ್ಟಿ.

"ಮೊಪೆಡ್ಡಿಂದ ಬಿದ್ದೆ ಅಕ್ಕ. ಅದೂ ರಿಪೇರಿ, ನಾನೂ ರಿಪೇರಿ. ಕಲ್ಲಿದೆ, ಕೈಯಿದೆ. ತುಳಿಯೋಕೆ ಕಾಲಿಲ್ಲ."

ಇಬ್ಬರೂ ಸೈಕಲ್ ನೋಡಿದೆವು. ಆಮೇಲೆ ಅವನು ನನ್ನ ಕಾಲು ನೋಡಿದ.

"ಆ ಅಜ್ಜಿ ಬೀದಿಗೇ ಹೋಗೋಣ ಅಕ್ಕ. ನಾನು ಬೀಳೋಕೆ ಮುಂಚಿನ ಸಾಣೆ ಕೆಲಸವೆಲ್ಲ ಅಲ್ಲಿ ಬಾಕಿ ಇದೆ."

ಕಲ್ಲು ಮತ್ತೆ ಕ್ಯಾರಿಯರಿಗೆ ಏರಿತು. ಅವನು ಆಟೋದಲ್ಲಿ, ನಾನು ಸೈಕಲ್ಲಲ್ಲಿ. ಅಜ್ಜಿಯ ಬೀದಿಯಲ್ಲಿ ಬೆಲ್ಲು ಬಾರಿಸಿದ್ದೇ ತಡ, ಬಾಗಿಲು ಬಾಗಿಲಿನಿಂದ ಕುಡುಗೋಲು, ಈಳಿಗೆ. ಸ್ಟ್ಯಾಂಡು ಹಾಕಿ ಸೀಟಿನಲ್ಲಿ ಕೂತು ತುಳಿದೆ; ಚಕ್ರದ ಜೊತೆ ಕಲ್ಲೂ ತಿರುಗಿತು. ಅವನು ಹಿಂದೆ ಸ್ಟೂಲಿನಲ್ಲಿ ಕೂತು ಕಲ್ಲಿಗೆ ಅಲಗು ಒತ್ತಿದ. ಜಾಗ ಬದಲಾದರೆ ಮುಂದೆ ಹೋದಂತೆ ಎಂದುಕೊಂಡೇ ಇಷ್ಟು ಕಾಲ ಊರೂರು ಸುತ್ತಿದವಳು ನಾನು. ಒಂದಿಂಚೂ ಕದಲದೆ ಒಂದು ಬೀದಿಯ ಕುಯ್ಲಿಗೇ ನೆರವಾದದ್ದು ಅವತ್ತೇ ಮೊದಲು.

ಕೊನೆಗೆ ಅಜ್ಜಿ ತಮ್ಮ ಕುಡುಗೋಲನ್ನು ಒಂದು ರಾಗಿ ದಂಟಿಗೆ ತಾಗಿಸಿದರು. ದಂಟು ಸದ್ದಿಲ್ಲದೆ ಎರಡಾಯಿತು. ತಲೆಯಾಡಿಸಿ, ಸೈಕಲ್ ಸುತ್ತ ಒಂದು ಸುತ್ತು ಬಂದರು.

"ಕಲ್ಲು ಅದೇ, ಬೆಲ್ಲೂ ಅದೇ. ಸೈಕಲ್ಲನ್ನೇ ಯಾರೋ ಪಾಪ, ಉಜ್ಜಿ ಹಾಳುಮಾಡವ್ರೆ."

ನಾನು ಬಗ್ಗಿ ಚೈನು ಸರಿಯಿದೆಯೇ ಎಂದು ನೋಡತೊಡಗಿದೆ.

"ಮಜ್ಜಿಗೆ ತರ್ಲಾ?"

"ಬೇಡಜ್ಜಿ," ಎಂದೆ. "ಹೋದ ಸಲದ್ದು ಈಗಷ್ಟೇ ತೀರಿದೆ."